ನೀಲಿ ಒಲೆಯ ಲೆಕ್ಕ

ಶ್ರೀಗಂಧದ ಕಾವಲ್, ಮಾಗಡಿ ರಸ್ತೆ
12–6–1983

ಅಂಜನಕ್ಕನಿಗೆ ಚನ್ನಕೇಶವನ ನಮಸ್ಕಾರ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ಕೆಂದ ಹಸುವಿನ ಮುಂಗಾಲೊಂದನ್ನು ಬಿಟ್ಟು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನೀನು, ಭಾವನವರು, ಗಂಗು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದ್ದೇವೆ ಅಂತಲೇ ಬರೆಯುತ್ತೀಯ. ನಿನ್ನ ಆ ಮಾತಿಗೆ ಮಾರ್ಕೆಟ್ಟಿನಲ್ಲಿ ಬೆಲೆ ಇಲ್ಲ.

ಸುದ್ದಿ ಏನೆಂದರೆ, ಹಿತ್ತಲಲ್ಲಿ ಬಾವಿ ತೋಡಿಸಿದ್ದೇನೆ. ನೀರಿಗಲ್ಲ, ಸಗಣಿಗೆ. ಬ್ಲಾಕ್ ಆಫೀಸಿನಿಂದ ಪಂಚಾಕ್ಷರಿ ಅಂತ ಒಬ್ಬ ಸೂಪರ್‌ವೈಸರು ಸೈಕಲ್ಲಿನಲ್ಲಿ ಬಂದು ಕೊಟ್ಟಿಗೆಯ ಮುಂದೆ ನಿಂತು, “ನಿಮ್ಮನೇಲಿ ದಿನಾ ಬೆಂಕಿ ಬೀಳ್ತಾ ಇದೆ ಸಾರ್, ನೀವು ಅದನ್ನ ಗೋಡೆಗೆ ತಟ್ತಾ ಇದೀರ” ಅಂದ. ಬೆರಣಿಯನ್ನು ನೋಡಿ ಅಂದದ್ದು. ಮಾತು ಬಲ್ಲವನು. ನಾನೂ ಮಾತಿನಿಂದಲೇ ಮೇಲೆ ಬಂದವನಾದ್ದರಿಂದ ಕೂರಿಸಿ ಕಾಫಿ ಕೊಟ್ಟೆ. ಕಾಫಿ ಮುಗಿಯುವ ಹೊತ್ತಿಗೆ ನಾನೇ ಹಳ್ಳಕ್ಕೆ ಬಿದ್ದಿದ್ದೆ.

ಅದು ಹೀಗೆ. ಸಗಣಿಯನ್ನು ನೀರಿನಲ್ಲಿ ಕಲಸಿ ಬಾವಿಗೆ ಬಿಡುವುದು. ಮೇಲೊಂದು ಕಬ್ಬಿಣದ ಡ್ರಮ್ಮು, ಕೊಳಗ ಬೋರಲು ಹಾಕಿದ ಹಾಗೆ. ಒಳಗೆ ಗ್ಯಾಸು ಹುಟ್ಟಿದಂತೆಲ್ಲ ಡ್ರಮ್ಮು ಮೇಲೇಳುತ್ತದೆ, ಅಡುಗೆ ಮಾಡಿದಂತೆಲ್ಲ ಇಳಿಯುತ್ತದೆ. ಪೈಪು ಅಡುಗೆಮನೆಗೆ. ಒಲೆಯಲ್ಲಿ ನೀಲಿ ಉರಿ, ಹೊಗೆ ಅನ್ನುವುದೇ ಇಲ್ಲ. ಗ್ಯಾಸು ತೆಗೆದ ಮೇಲೂ ಬಗ್ಗಡ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ನನಗೆ ಹಿಡಿಸಿದ್ದು ಅದು. ಒಂದೇ ಸಗಣಿಯನ್ನು ಎರಡು ಸಲ ಖರ್ಚು ಮಾಡಬಹುದು. ರಾಜಾಜಿನಗರದ ಹೋಟೆಲುಗಳಿಗೆ ಸೈಕಲ್ಲಿನಲ್ಲಿ ಹಾಲು ಹಾಕಿದ ಇಷ್ಟು ವರ್ಷದಲ್ಲಿ ಇಂಥ ವ್ಯಾಪಾರ ನಾನು ಕಂಡಿರಲಿಲ್ಲ. ಸಿಲಿಂಡರಿಗೆ ಹೆಸರು ಬರೆಸಿದವರು ಇನ್ನೂ ಕಾಯುತ್ತಲೇ ಇದ್ದಾರೆ. ಡಿಪೋದಲ್ಲಿ ಸೌದೆಗೆ ಬದಲು ಒದ್ದೆ ನೀಲಗಿರಿ ತೂಗುತ್ತಾರೆ. ನನಗೆ ಐದು ಹಸುಗಳಿವೆ, ಅವು ಕ್ಯೂ ನಿಲ್ಲಿಸುವುದಿಲ್ಲ.

ಮುನಿಲಕ್ಷ್ಮಿ ಮೊದಲ ದಿನ ಒಲೆ ಹಚ್ಚಲೇ ಇಲ್ಲ. “ಸಗಣಿ ಗಾಳೀಲಿ ಮುದ್ದೆ ಬೇಯಿಸ್ಬೇಕಾ? ನಿಮ್ ಬುದ್ಧಿಗಿಷ್ಟು” ಅಂದಳು. ಈಗ ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಾಳೆ.

ನಿಜವಾದ ಮಾತು ಬೇರೆ. ಅಮ್ಮ ಕೊನೆಯಲ್ಲಿ ನಮ್ಮಿಬ್ಬರಲ್ಲಿ ಯಾರು ಒಳಗೆ ಬಂದರು ಅನ್ನುವುದನ್ನು ಹೆಜ್ಜೆ ಸಪ್ಪಳದಲ್ಲಿ ಹೇಳುತ್ತಿದ್ದಳು, ನೆನಪಿದೆಯಲ್ಲ. ಈ ವರ್ಷ ಪಟಾಲಮ್ಮನ ಆರತಿಗೆ ನೀನು ಬಂದು ತಂಬಿಟ್ಟಿಗೆ ಅಕ್ಕಿ ಹುರಿಯುವಾಗ ಸೆರಗಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನೋಡಿದೆ. ಅದು ಭಕ್ತಿಯ ನೀರಲ್ಲ. ಊರಿನ ಮೊದಲ ಆರತಿ ನಮ್ಮ ಮನೆಯಿಂದ ಏಳಬೇಕು, ಅದನ್ನು ಮನೆಮಗಳೇ ಮಾಡಿ ಹೊರಬೇಕು ಅನ್ನುವುದು ತಾತನ ಕಾಲದ್ದು. ಮನೆಮಗಳು ಅಂತ ಇರುವುದು ನೀನೊಬ್ಬಳು. ನಿನ್ನ ಕಣ್ಣಿಗೆ ಏನಾದರೂ ಆದರೆ ನಮ್ಮ ಮನೆಯ ದೀಪ ಅಲ್ಲಿಗೆ ನಿಂತಿತು. ಆದ್ದರಿಂದ ಇದರಲ್ಲಿ ನನ್ನ ಸ್ವಾರ್ಥವೇ ಇದೆ ಅಂತ ಬರೆದುಕೋ. ಮುಂದಿನ ಆರತಿಗೆ ಹೊಗೆ ಇಲ್ಲ.

ನಿನ್ನ ತಮ್ಮ,
ಕೇಶವ

*

ಹುಬ್ಬಳ್ಳಿ
3–7–1983

ಕೇಶವನಿಗೆ ಅಕ್ಕನ ಹಾರೈಕೆ.

ಕಾಗದ ಬಂತು. ಭಾವನವರಿಗೆ ಓದಿ ಹೇಳಿದೆ. “ನಿನ್ನ ತಮ್ಮ ಸಗಣಿಯಲ್ಲೂ ಲಾಭ ಎತ್ತಿದನಲ್ಲ” ಅಂದರು. ವರ್ಕ್‌ಶಾಪಿನ ಫಿಟ್ಟರಾದ್ದರಿಂದ ಡ್ರಮ್ಮಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಸು, ಇಲ್ಲದಿದ್ದರೆ ತುಕ್ಕು ತಿನ್ನುತ್ತದೆ ಅಂತ ಬರೆಯಲು ಹೇಳಿದ್ದಾರೆ.

ನನ್ನ ಕಣ್ಣಿಗೇನೂ ಆಗಿಲ್ಲ. ಇಲ್ಲಿ ಕಲ್ಲಿದ್ದಲ ಒಲೆ, ಹತ್ತುವ ತನಕ ಕಣ್ಣು ಸ್ವಲ್ಪ ಉರಿಯುತ್ತದೆ. ಎಲ್ಲರ ಮನೆಯಲ್ಲೂ ಅದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಕ್ಕದ ಕ್ವಾರ್ಟರ್ಸಿನ ಚಿಕ್ಕಗಂಗಮ್ಮ ಹೇಳಿದಳು, ಅವರ ಸಂಬಂಧಿಕರ ಮನೆಯಲ್ಲಿ ಇಂಥದೇ ಬಾವಿಗೆ ಕಕ್ಕಸ್ಸಿನ ಪೈಪನ್ನೂ ಕೊಟ್ಟಿದ್ದಾರಂತೆ. ಕೇಳಿ ನನಗೆ ಊಟ ಸೇರಲಿಲ್ಲ. ಹಸುವಿನದು ಸರಿ, ಅದರಲ್ಲೇ ನೆಲ ಸಾರಿಸುತ್ತೇವೆ. ಮನುಷ್ಯರದ್ದು ಸೇರಿದರೆ ಆ ಉರಿಯಲ್ಲಿ ಬೆಂದದ್ದನ್ನು ನಾನು ಮುಟ್ಟುವುದಿಲ್ಲ. ಅಂಥ ಒಲೆಯ ಮೇಲೆ ಅಮ್ಮನವರ ತಂಬಿಟ್ಟು ಆಗುವುದಾದರೆ ನನ್ನನ್ನು ಕರೆಯಲೇ ಬೇಡ. ನೀನು ಹಾಗೆ ಮಾಡುವವನಲ್ಲ, ಗೊತ್ತು. ಆದರೂ ಲಾಭ ಅಂದರೆ ನಿನಗೆ ಕಿವಿ ನೆಟ್ಟಗಾಗುತ್ತದೆ, ಅದಕ್ಕೆ ಬರೆದೆ.

ಕೆಂದ ಹಸುವಿನ ಕಾಲಿಗೆ ಬಿಸಿ ಅರಿಸಿನದ ಪಟ್ಟು ಹಾಕು.

ಅಂಜನಮ್ಮ

*

ಶ್ರೀಗಂಧದ ಕಾವಲ್
25–4–1984

ಅಕ್ಕನಿಗೆ ನಮಸ್ಕಾರ.

ನೀನು ಊರು ಸೇರಿದ ಕಾರ್ಡು ಬಂತು. ಈ ಸಲದ ಆರತಿಯನ್ನು ಕೇರಿಯವರು ಇನ್ನೂ ಮಾತಾಡುತ್ತಿದ್ದಾರೆ. ಆರತಿಯನ್ನಲ್ಲ, ನಿನ್ನನ್ನು. ಒಲೆಯ ಮುಂದೆ ಕೂತು “ಏನೋ ಇದು, ಈ ಬೆಂಕಿಗೆ ಮುಖಾನೇ ಇಲ್ಲ, ಹತ್ತಿದೆಯೋ ಇಲ್ಲವೋ ಹೆಂಗೋ ಗೊತ್ತಾಗೋದು?” ಅಂತ ಬಗ್ಗಿ ಊದಲು ಹೋದೆಯಲ್ಲ, ಮುನಿಲಕ್ಷ್ಮಿ ಅದನ್ನು ದಿನಕ್ಕೊಬ್ಬರಿಗೆ ಅಭಿನಯಿಸಿ ತೋರಿಸುತ್ತಾಳೆ. ನೀನು ಒಂದು ಸಲವೂ ಕಣ್ಣು ಒರೆಸಲಿಲ್ಲ. ನನ್ನ ಬಾವಿಯ ಅಸಲು ಆವತ್ತೇ ಹುಟ್ಟಿತು.

ಇನ್ನು ಊರಿನ ಸುದ್ದಿ. ಕಾವಲಿನಲ್ಲಿ ಹುಲ್ಲು ಇದ್ದ ಕಡೆಯೆಲ್ಲ ಸರ್ವೆಯವರು ಬಿಳಿ ಕಲ್ಲು ನೆಟ್ಟಿದ್ದಾರೆ. ಹಸುಗಳು ಕಲ್ಲನ್ನು ಮೂಸಿ ನೋಡಿ ವಾಪಸು ಬರುತ್ತವೆ. ಮೇವನ್ನು ಕೊಂಡು ಹಾಕುವುದಾದರೆ ಹಾಲು ಯಾರಿಗಾಗಿ ಕರೆಯುತ್ತಿದ್ದೇನೆ ಅನ್ನುವುದೇ ಅನುಮಾನ. ಎರಡನ್ನು ಮಾರಿ, ಆ ಜಾಗದಲ್ಲಿ ಆರು ಮನೆಯ ಒಂದು ವಠಾರ ಕಟ್ಟಿಸೋಣ ಅಂತಿದ್ದೇನೆ. ಮಾಗಡಿ ರಸ್ತೆಯ ಕಾರ್ಖಾನೆಗಳಿಗೆ ಹೋಗುವವರು ಮನೆ ಮನೆ ಅಂತ ಅಲೆಯುತ್ತಿದ್ದಾರೆ. ಹಸುವಿಗೂ ಬಾಡಿಗೆಯವರಿಗೂ ನೀರು ಹೊಂದಿಸುವುದು ಒಂದೇ ಕೆಲಸ. ಬಾಡಿಗೆಯವರು ಒದೆಯುವುದು ಕಡಿಮೆ.

ಕೇಶವ

*

ಹುಬ್ಬಳ್ಳಿ
9–9–1984

ಕೇಶವನಿಗೆ,

ತಡವಾಯಿತು. ಅಕ್ಷರ ದಪ್ಪಗಿದೆ ಅಂತ ನಗಬೇಡ, ಹೊಸ ಪೆನ್ನು. ಗೆರೆ ಇಲ್ಲದ ಇನ್‌ಲ್ಯಾಂಡು ಆದ್ದರಿಂದ ಸಾಲು ಇಳಿದು ಹೋಗುತ್ತಿದೆ.

ಹಸು ಮಾರಬೇಡ ಅನ್ನಲು ನಾನು ಯಾರು. ಆದರೆ ಹಸು ಹೋದರೆ ನಿನ್ನ ಒಲೆ ಏನನ್ನು ತಿನ್ನುತ್ತದೆ? ಅದನ್ನು ಯೋಚಿಸಿದ್ದೀಯ? ಈ ವರ್ಷ ಆರತಿ ಮುಗಿಸಿ ಇಲ್ಲಿಗೆ ಬಂದ ಮೇಲೆ ಕಲ್ಲಿದ್ದಲ ಒಲೆ ಹಚ್ಚುವಾಗೆಲ್ಲ ನಿನ್ನ ಮನೆಯ ಆ ಮುಖ ಇಲ್ಲದ ಬೆಂಕಿ ನೆನಪಾಗುತ್ತದೆ. ಗಂಗುವಿನ ಹತ್ತಿರ ಹೇಳಿದರೆ, ಅಮ್ಮನಿಗೆ ತವರಿನ ಮೇಲೆ ಆಸೆಯಲ್ಲ, ತವರಿನ ಒಲೆ ಮೇಲೆ ಅನ್ನುತ್ತಾಳೆ. ಇರಲಿ.

ಬೇರೇನಿಲ್ಲ. ಬರೆದಷ್ಟೂ ಸಾಲು ಇಳಿಯುತ್ತಿದೆ, ನಿಲ್ಲಿಸುತ್ತೇನೆ.

ಅಂಜನಮ್ಮ

*

ಶ್ರೀಗಂಧದ ಕಾವಲ್
2–12–1984

ಅಕ್ಕನಿಗೆ ನಮಸ್ಕಾರ.

ಹೊಸ ಪೆನ್ನು ಚೆನ್ನಾಗಿದೆ, ಒಂದು ಪುಟಕ್ಕೆ ಹತ್ತೇ ಸಾಲು ಹಿಡಿಸುತ್ತದೆ. ಅಂಚೆಯವರಿಗೆ ಲಾಭ.

ನೀನು ಕೇಳಿದ ಪ್ರಶ್ನೆ ನನ್ನ ಕುತ್ತಿಗೆಗೇ ಬಂತು. ಈಗ ಮೂರು ಹಸು. ಡ್ರಮ್ಮಿನ ಮೇಲೆ ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೆ. ಮೊದಲು ಬೆಳಗಾಗುವಷ್ಟರಲ್ಲಿ ಎದೆಯ ಮಟ್ಟಕ್ಕೆ ಏಳುತ್ತಿದ್ದದ್ದು ಈಗ ಮೊಣಕಾಲಿಗೆ ಬಂದು ಕೂರುತ್ತದೆ. ಬೆಳಗಿನ ಕಾಫಿ, ಮುದ್ದೆ ಆಗುವಷ್ಟರಲ್ಲಿ ಉರಿ ಸೊರಗುತ್ತದೆ. ಸಂಜೆಗೆ ಮುನಿಲಕ್ಷ್ಮಿ ಮತ್ತೆ ಸೌದೆ ಒಲೆಗೆ ಕೂತಿದ್ದಾಳೆ, ಕೆಮ್ಮುತ್ತಾಳೆ. ನನಗೆ ಕೇಳಿಸಲಿ ಅಂತ ಸ್ವಲ್ಪ ಜಾಸ್ತಿಯೇ ಕೆಮ್ಮುತ್ತಾಳೆ. ಆದರೂ ಅದರಲ್ಲಿ ಅರ್ಧವಾದರೂ ನಿಜವಾದದ್ದು.

ವಠಾರ ಎದ್ದಿದೆ. ಆರು ಮನೆ, ಆರು ಊರಿನವರು, ಜಾತಿ ಕೇಳಲಿಲ್ಲ, ಕೇಳಿದ್ದರೆ ಅದೂ ಆರಾಗುತ್ತಿತ್ತು. ಮಕ್ಕಳುಮರಿ ಸೇರಿ ಮೂವತ್ತು ತಲೆ. ಅವರ ಕಕ್ಕಸ್ಸಿಗೆ ಗುಂಡಿ ತೋಡಿಸಲು ಹೋದರೆ ಎರಡಡಿಗೇ ಬಂಡೆ. ಇನ್ನೊಂದು ಕಡೆ ತೋಡಿಸಿದೆ, ಅಲ್ಲೂ ಬಂಡೆ. ನಮ್ಮ ತಾತ ಈ ಜಮೀನನ್ನು ಯಾಕೆ ಅಗ್ಗಕ್ಕೆ ಕೊಂಡ ಅನ್ನುವುದು ಈಗ ತಿಳಿಯಿತು. ನೀರನ್ನು ಕೆರೆಯ ಕಡೆಗೆ ಬಿಡಿ ಅಂದರು ಮೇಸ್ತ್ರಿ. ಆ ಕೆರೆಯ ನೀರನ್ನು ನನ್ನ ಹಸುಗಳೇ ಕುಡಿಯುವುದು.

ಪಂಚಾಕ್ಷರಿ ಬಂದಿದ್ದ. ಮೊಣಕಾಲಿಗೆ ಕೂತ ಡ್ರಮ್ಮನ್ನೂ ನೋಡಿದ, ಬಂಡೆಯನ್ನೂ ನೋಡಿದ, ವಠಾರವನ್ನೂ ನೋಡಿದ. ಆಮೇಲೆ ಒಂದು ಮಾತು ಹೇಳಿದ. ಅದನ್ನು ನಿನಗೆ ಬರೆಯುವ ಹಾಗಿಲ್ಲ.

ಕೇಶವ

*

ಶ್ರೀಗಂಧದ ಕಾವಲ್
10–2–1985

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಇಲ್ಲ. ಸಂಕ್ರಾಂತಿಗೆ ಎಳ್ಳು ಕಳಿಸಿದ್ದು ತಲುಪಿತೋ ಇಲ್ಲವೋ.

ಗುಂಡಿಯ ಚಿಂತೆ ಬಗೆಹರಿಯಿತು. ಹೇಗೆ ಅಂತ ಕೇಳಬೇಡ, ಸಣ್ಣ ಕೆಲಸ. ಮುನಿಲಕ್ಷ್ಮಿ ತಂಗಿಯ ಬಾಣಂತನಕ್ಕೆ ತಾವರೆಕೆರೆಗೆ ಹೋಗಿದ್ದಾಗಲೇ ಮುಗಿಸಿಬಿಟ್ಟೆ. ಡ್ರಮ್ಮು ಮತ್ತೆ ಎದೆಯ ಮಟ್ಟಕ್ಕೆ ಬಂದಿದೆ, ಒಂದೊಂದು ದಿನ ಗಲ್ಲ ಮುಟ್ಟುತ್ತದೆ. ಎರಡನೇ ಒಲೆ ಕೂರಿಸಿದ್ದೇನೆ. ಕರೆಂಟು ಹೋದಾಗ ಉರಿಯಲಿ ಅಂತ ಬಲೆ ಕಟ್ಟಿದ ಗ್ಯಾಸ್ ದೀಪವೂ ಒಂದು. ಕರೆಂಟು ದಿನಾ ಹೋಗುವುದರಿಂದ ದೀಪ ದಿನಾ ಉರಿಯುತ್ತದೆ. ಮುನಿಲಕ್ಷ್ಮಿಯ ಕೆಮ್ಮು ನಿಂತಿದೆ, ನಾಟಕದ್ದೂ ನಿಜದ್ದೂ.

ಒಂದು ಧರ್ಮಸೂಕ್ಷ್ಮ ಕೇಳುತ್ತೇನೆ, ನೀನು ಶಾಸ್ತ್ರ ಬಲ್ಲವಳು. ಬೆಂಕಿ ಎಲ್ಲವನ್ನೂ ಶುದ್ಧ ಮಾಡುತ್ತದೆ ಅನ್ನುತ್ತಾರಲ್ಲ, ಹಾಗಿದ್ದ ಮೇಲೆ ಅದು ಯಾವುದರಿಂದ ಹುಟ್ಟಿತು ಅನ್ನುವುದಕ್ಕೆ ಲೆಕ್ಕವುಂಟೇ? ಬೇವಿನ ಸೌದೆ ಉರಿದರೆ ಅನ್ನ ಕಹಿಯಾಗುತ್ತದೆಯೇ? ಸುಮ್ಮನೆ ಕೇಳಿದೆ. ಇತ್ತೀಚೆಗೆ ಇಂಥ ಯೋಚನೆಗಳು ಬರುತ್ತವೆ, ವಯಸ್ಸಾಯಿತು ಅಂತ ಕಾಣುತ್ತದೆ.

ಯುಗಾದಿ ಕಳೆದ ಎರಡನೇ ಮಂಗಳವಾರ ಆರತಿ. ನೀನು ಬರಲೇಬೇಕು.

ಕೇಶವ

*

ಹುಬ್ಬಳ್ಳಿ
5–3–1985

ಕೇಶವನಿಗೆ ಅಕ್ಕನ ಹಾರೈಕೆ.

ಇದನ್ನು ಗಂಗು ಬರೆಯುತ್ತಿದ್ದಾಳೆ, ನನ್ನ ಕೈಗೆ ಎಣ್ಣೆ ಹಾರಿ ಬೊಬ್ಬೆ ಎದ್ದಿದೆ. ನಿನ್ನ ಕಾಗದವನ್ನು ಅವಳ ಕೈಲಿ ಎರಡು ಸಲ ಓದಿಸಿಕೊಂಡೆ. ಧರ್ಮಸೂಕ್ಷ್ಮಕ್ಕೆ ಬಂದಾಗ ಉತ್ತರ ಹೇಳುತ್ತೇನೆ.

ಭಾವನವರು ಈ ವರ್ಷ ಹೋಗುವುದು ಬೇಡ ಅಂದರು. ನಾನು ಬಿಡಲಿಲ್ಲ. ಅಲ್ಲಿ ಕೇಶವನ ಒಲೆ ಇದೆಯಲ್ಲ, ನನಗೇನೂ ಆಗುವುದಿಲ್ಲ ಅಂದೆ. ಆ ಒಲೆಯ ಧೈರ್ಯದ ಮೇಲೆಯೇ ಒಪ್ಪಿದ್ದಾರೆ. ಹೊಸ ಕನ್ನಡಕ ಹಾಕಿಕೊಂಡು ಬರುತ್ತೇನೆ, ನೋಡಿ ನಗಬೇಡಿ.

ಅಂಜನಮ್ಮ

*

ಶ್ರೀಗಂಧದ ಕಾವಲ್
20–4–1985

ಅಕ್ಕನಿಗೆ ನಮಸ್ಕಾರ.

ವಾರವಿರುತ್ತೇನೆ ಅಂದವಳು ಆರತಿಯ ಮಾರನೇ ದಿನವೇ ರೈಲು ಹತ್ತಿದೆ. ಹದಿನೈದು ದಿನವಾದರೂ ತಲುಪಿದ ಕಾರ್ಡಿಲ್ಲ. ನನ್ನ ಕಡೆಯಿಂದ ಏನು ತಪ್ಪಾಯಿತು ಅಂತ ಕೂಡಿ ಕಳೆದು ನೋಡಿದೆ.

ಬಸ್ ಸ್ಟಾಪಿನಲ್ಲಿ ನಿನ್ನ ಕನ್ನಡಕ ನೋಡಿ “ಏನಕ್ಕ, ಸೋಡಾ ಬುಡ್ಡಿ ಸಮೇತ ಬಂದಿದೀಯ” ಅಂದೆ. ಅದು ಒಂದು. ನಾವು ಕೊಟ್ಟ ಸೀರೆಯ ಬಣ್ಣ ನಿನಗೆ ಹಿಡಿಸಲಿಲ್ಲವೇನೋ. ಅದು ಇನ್ನೊಂದು. ಇವಕ್ಕೆಲ್ಲ ಕೋಪ ಮಾಡಿಕೊಳ್ಳುವವಳು ನೀನಲ್ಲ.

ಉಳಿದದ್ದು ಒಲೆ. ಅಂಗಳದಲ್ಲಿ ಮೂರು ಕಲ್ಲು ಇಟ್ಟು ಸೌದೆ ಜೋಡಿಸಿದ್ದೆ. ನೀನು ಅಡುಗೆಮನೆಗೆ ಹೋಗಿ ನೋಡಿ ಬಂದು, “ಗ್ಯಾಸ್ ಒಲೆ ಕೆಟ್ಟಿದೆಯೇನೋ?” ಅಂದೆ. “ಇಲ್ಲ ಕಣಕ್ಕ, ಈ ಸಲ ಹಳೇ ಪದ್ಧತಿ, ಅಮ್ಮ ಮಾಡ್ತಿದ್ದ ಹಾಗೆ” ಅಂದೆ ನಾನು. “ಯಾರು ಹೇಳಿದ್ದು?” ಅಂತ ನೀನು ಕೇಳಿದೆ. “ಯಾರೂ ಇಲ್ಲ, ನಂಗೇ ಅನ್ನಿಸ್ತು.” ಆ ದಪ್ಪ ಗಾಜಿನ ಹಿಂದಿನಿಂದ ನನ್ನನ್ನು ನೋಡುತ್ತ ನಿಂತೆ. ನಾನು ಬೇರೆ ಏನಾದರೂ ಹೇಳುತ್ತೇನೆ ಅಂತ ಕಾಯುತ್ತಿದ್ದ ಹಾಗೆ ಕಂಡಿತು. ಆಮೇಲೆ “ಸರಿ ಬಿಡು” ಅಂದು ಸೆರಗು ಸಿಕ್ಕಿಸಿಕೊಂಡು ಕೂತೆ.

ಹಿಂದಿನ ಸಂಜೆಯ ಮಳೆಗೆ ಸೌದೆ ಒದ್ದೆಯಾಗಿತ್ತು, ಒಪ್ಪುತ್ತೇನೆ. ಮುನಿಲಕ್ಷ್ಮಿಯೂ ನನ್ನನ್ನು ಬೈದಳು, “ಒಳಗೆ ಬೆಣ್ಣೆಯಂಥ ಉರಿ ಇಟ್ಕೊಂಡು ಅತ್ತಿಗೇನ ಹೊಗೇಲಿ ಕೂರಿಸಿದ್ರಲ್ಲ” ಅಂತ. ನೀನು ಅಕ್ಕಿ ಹುರಿದೆ, ಬೆಲ್ಲ ಕಲಸಿದೆ, ದೀಪದ ಗುಳಿ ಒತ್ತಿದೆ. ಗುಡಿಯ ಮೆಟ್ಟಿಲಲ್ಲಿ ನಿನ್ನ ಕಾಲು ತಡವರಿಸಿತು, ಮುನಿಲಕ್ಷ್ಮಿ ಮೊಣಕೈ ಹಿಡಿದಳು. ಉಪವಾಸದ ನಿಶ್ಶಕ್ತಿ ಅಂದುಕೊಂಡೆ. ಆದರೂ ಆರತಿ ಮೊದಲು ನಮ್ಮದೇ ಎದ್ದಿತು.

ಹಳೇ ಪದ್ಧತಿಯನ್ನು ನೀನೇ ಮೆಚ್ಚುತ್ತೀಯ ಅಂತ ಮಾಡಿದ್ದು. ತಪ್ಪಿದ್ದರೆ ಬರೆದು ಬೈ.

ಕೇಶವ

*

ಶ್ರೀಗಂಧದ ಕಾವಲ್
18–7–1985

ಅಕ್ಕನಿಗೆ,

ಇದು ಮೂರನೇ ಕಾಗದ. ನಡುವಿನದು ಕಾರ್ಡು, ಅದಕ್ಕೂ ಉತ್ತರವಿಲ್ಲ. ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ನಾಯಂಡಹಳ್ಳಿಯ ಮೇಲೆ ಹೋಗುವುದಿಲ್ಲ ಅಂತ ಗೊತ್ತಿದ್ದೂ, ಅಲ್ಲಿ ಗೇಟು ಬಿದ್ದಾಗೆಲ್ಲ ಹಾಲಿನ ಸೈಕಲ್ಲು ನಿಲ್ಲಿಸಿ ನಿನ್ನನ್ನೇ ನೆನೆಯುತ್ತೇನೆ.

ನಿನಗೆ ಯಾರಾದರೂ ಏನಾದರೂ ಹೇಳಿದರೇ? ಹೇಳಿದ್ದರೆ, ನನ್ನ ಕಡೆಯ ಮಾತನ್ನೂ ಕೇಳಬೇಕಲ್ಲವೇ?

ಕೇಶವ

*

ಹುಬ್ಬಳ್ಳಿ
4–8–1985

ಮಾವನವರಿಗೆ ಗಂಗುವಿನ ನಮಸ್ಕಾರಗಳು.

ಇದನ್ನು ಅಮ್ಮನಿಗೆ ತಿಳಿಯದಂತೆ ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ. ನಿಮಗೆ ಹೇಳಬಾರದು ಅಂತ ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನಿಮ್ಮ ಮೂರು ಕಾಗದ ಓದಿದ ಮೇಲೆ ಆ ಮಾತು ಉಳಿಸಿಕೊಳ್ಳುವುದು ನನಗೆ ಕಷ್ಟವಾಯಿತು.

ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಹೋದ ವರ್ಷ ದಪ್ಪ ಅಕ್ಷರ ಬರೆದದ್ದು ಪೆನ್ನಿನಿಂದಲ್ಲ. ಫೆಬ್ರವರಿಯಲ್ಲಿ ರೈಲ್ವೆ ಆಸ್ಪತ್ರೆಯಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಕೈಗೆ ಎಣ್ಣೆ ಹಾರಿದ್ದೂ ಸುಳ್ಳು. ಆರು ತಿಂಗಳು ಹೊಗೆ ಸೋಕಬಾರದು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಇಲ್ಲಿ ಒಲೆಯ ಕೆಲಸವೆಲ್ಲ ನನ್ನದಾಯಿತು. ಅಪ್ಪ ಆರತಿಗೆ ಬೇಡವೇ ಬೇಡ ಅಂದರೂ ಅಮ್ಮ, “ಅಲ್ಲಿ ಹೊಗೆ ಇಲ್ಲಾರೀ, ನನ್ ತಮ್ಮ ಅದಕ್ಕೇ ಕಟ್ಟಿಸಿರೋದು” ಅಂತ ಹಟ ಹಿಡಿದು ಬಂದರು.

ವಾಪಸು ಬಂದಾಗ ಕಣ್ಣು ಊದಿ ಕೀವಾಗಿತ್ತು. “ಒಲೆ ಮುಂದೆ ಕೂತಿದ್ರಾ?” ಅಂತ ಡಾಕ್ಟರು ಕೇಳಿದರೆ, ಅಮ್ಮ “ರೈಲಿನ ಧೂಳು” ಅಂದರು. ನಿಜ ನನಗೆ ಆಮೇಲೆ ನಿಮ್ಮ ಕಾಗದದಿಂದ ಗೊತ್ತಾಯಿತು. ಆ ಕಣ್ಣಿಗೆ ಈಗ ಬೆಳಕು, ಕತ್ತಲೆ ಅಷ್ಟೇ ತಿಳಿಯುತ್ತದೆ. ಎಡಗಣ್ಣಿನದನ್ನು ಜನವರಿಯಲ್ಲಿ ಮಾಡುತ್ತಾರಂತೆ.

ಮಾವ, ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಚೆನ್ನಾಗಿಯೇ ಉರಿಯುತ್ತಿತ್ತಂತಲ್ಲ. ಹಾಗಿದ್ದ ಮೇಲೆ ಅಮ್ಮನನ್ನು ಅಂಗಳದಲ್ಲಿ ಯಾಕೆ ಕೂರಿಸಿದಿರಿ? ಅಮ್ಮನನ್ನು ಕೇಳಿದರೆ ಅವನಿಗೇನೋ ಕಾರಣ ಇರುತ್ತೆ ಬಿಡು ಅನ್ನುತ್ತಾರೆ. ಆ ಕಾರಣ ನನಗೆ ಬೇಕು.

ಗಂಗು

*

ಶ್ರೀಗಂಧದ ಕಾವಲ್
9–8–1985

ಗಂಗು, ಇದನ್ನು ನಿಮ್ಮಮ್ಮನಿಗೆ ಓದಿ ಹೇಳು. ನನಗೆ ಬರೆದೆ ಅಂತ ಅವಳು ನಿನ್ನನ್ನು ಬೈದರೆ ಬೈಸಿಕೋ. ಒಂದು ಪದವನ್ನೂ ಬಿಡಬೇಡ.

ಅಕ್ಕ,

ವಠಾರದ ಕಕ್ಕಸ್ಸಿನ ಪೈಪನ್ನು ಸಗಣಿ ಬಾವಿಗೆ ಕೊಟ್ಟಿದ್ದೇನೆ. ಪಂಚಾಕ್ಷರಿ ಹೇಳಿದ ಮಾತು ಅದೇ. ಡ್ರಮ್ಮು ಎದ್ದದ್ದು ಅದರಿಂದ, ಎರಡನೇ ಒಲೆ ಅದರಿಂದ, ದೀಪವೂ ಅದರಿಂದ. ಮುನಿಲಕ್ಷ್ಮಿಗೆ ಗೊತ್ತಿಲ್ಲ. ಗುಂಡಿ ಹಿಂದುಗಡೆ ಇದೆ ಅಂತ ಹೇಳಿದ್ದೇನೆ, ಅವಳು ಹಿಂದುಗಡೆ ಹೋಗಿ ನೋಡಿಲ್ಲ.

ನಾನು ದಿನಾ ಆ ಉರಿಯ ಮುದ್ದೆ ತಿನ್ನುತ್ತೇನೆ, ನನಗೆ ಏನೂ ಅನ್ನಿಸುವುದಿಲ್ಲ. ಆದರೆ ಅಂಥ ಒಲೆಯ ಮೇಲಾದರೆ ಕರೆಯಲೇ ಬೇಡ ಅಂತ ನೀನು ಬರೆದಿದ್ದೆ. ಹೇಳಿದರೆ ನೀನು ಬರುವುದಿಲ್ಲ. ಹೇಳದೆ ಅದರ ಮೇಲೆ ಮಾಡಿಸಿದರೆ ನಿನಗೂ ಅಮ್ಮನವರಿಗೂ ಮೋಸ. ಮೂರು ಕಲ್ಲು ಇಟ್ಟರೆ ಎರಡೂ ತಪ್ಪುತ್ತದೆ ಅಂತ ಲೆಕ್ಕ ಹಾಕಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ. ನೀನು ಕೆಮ್ಮುತ್ತ ಕೂತಾಗ, ನಿನ್ನ ಮಡಿ ಉಳಿಸಿದೆ ಅಂತ ಒಳಗೊಳಗೇ ಸಮಾಧಾನಪಟ್ಟೆ.

ನಿನ್ನ ಕಣ್ಣಿಗೆ ಹೊಗೆ ತಾಗಬಾರದು ಅಂತ ಕಟ್ಟಿಸಿದ ಒಲೆಯಿಂದ ನಿನ್ನನ್ನು ಎಬ್ಬಿಸಿ ಹೊಗೆಯಲ್ಲಿ ಕೂರಿಸಿದವನು ನಾನೇ. ಇದನ್ನು ಯಾವ ಕಡೆಯಿಂದ ಕೂಡಿದರೂ ಬೇರೆ ಮೊತ್ತ ಬರುವುದಿಲ್ಲ.

ನೀನು ಒಂದು ಮಾತು ಬರೆಸಿದರೆ ಪೈಪನ್ನು ನಾಳೆಯೇ ಒಡೆಸುತ್ತೇನೆ. ಜನವರಿಯ ಆಪರೇಷನ್ನಿಗೆ ನಾನು ಬರುತ್ತೇನೆ. ಬೇಡ ಅಂದರೂ ಬರುತ್ತೇನೆ, ಹೊರಗೆ ನಿಂತಿರುತ್ತೇನೆ.

ಕೇಶವ

*

ಹುಬ್ಬಳ್ಳಿ
2–3–1986

ಕೇಶವನಿಗೆ ಅಕ್ಕನ ಹಾರೈಕೆ.

ಇದು ನನ್ನದೇ ಅಕ್ಷರ. ಎಡಗಣ್ಣಿನಲ್ಲಿ ಬರೆಯುತ್ತಿದ್ದೇನೆ. ಗಂಗು ಸ್ಕೇಲು ಇಟ್ಟು ಗೆರೆ ಎಳೆದುಕೊಟ್ಟಿದ್ದಾಳೆ, ಸಾಲು ಇಳಿಯುವುದಿಲ್ಲ. ಜನವರಿಯಲ್ಲಿ ನೀನು ಎಂಟು ದಿನ ಆಸ್ಪತ್ರೆಯ ವರಾಂಡದಲ್ಲಿ ಮಲಗಿದೆ. ನಾನು ಆ ವಿಷಯ ಎತ್ತಲಿಲ್ಲ, ನೀನೂ ಎತ್ತಲಿಲ್ಲ. ವಾರ್ಡಿನಲ್ಲಿ ಹದಿನಾರು ಜನರ ಮುಂದೆ ಪೈಪಿನ ಮಾತು ಆಡುವುದು ಹೇಗೆ. ಅದಕ್ಕೆ ಈಗ ಬರೆಯುತ್ತಿದ್ದೇನೆ.

ನೀನು ಬರೆದು ತಿಳಿಸುವುದಕ್ಕೆ ಮುಂಚೆಯೇ ನನಗೆ ಗೊತ್ತಿತ್ತು ಕಣೋ. ಐದು ಹಸು ಇದ್ದಾಗ ಒಂದು ಒಲೆ. ಹಸು ಮೂರಾದಾಗ ಒಲೆ ಎರಡು, ಮೇಲೊಂದು ದೀಪ. ಬಂಡೆ ಬಂದ ಗುಂಡಿ ತಾನಾಗಿಯೇ ಬಗೆಹರಿಯಿತು, ಹೆಂಡತಿ ಊರಲ್ಲಿಲ್ಲದಾಗ. ವಠಾರದಲ್ಲಿ ಮೂವತ್ತು ತಲೆ. ಇಷ್ಟನ್ನೂ ನೀನೇ ನಿನ್ನ ಕೈಯಾರೆ ಬರೆದು ಕಳಿಸಿ, ಕೊನೆಗೆ ಧರ್ಮಸೂಕ್ಷ್ಮ ಬೇರೆ ಕೇಳುತ್ತೀಯ. ನಾನೂ ಅದೇ ಅಪ್ಪನ ಮಗಳು, ಕೂಡುವುದು ನನಗೂ ಬರುತ್ತದೆ.

ಗೊತ್ತಿದ್ದೂ ಬಂದೆ. ಯಾಕೆ ಅಂತ ಕೇಳುತ್ತೀಯ. ಮೊದಲ ಸಲ ಆಸ್ಪತ್ರೆಯಲ್ಲಿ ಎರಡೂ ಕಣ್ಣು ಕಟ್ಟಿ ಮಲಗಿಸಿದ್ದರಲ್ಲ, ಆಗ ಒಬ್ಬ ಹೆಂಗಸು ಬಂದು ಗಂಜಿ ಕುಡಿಸುತ್ತಿದ್ದಳು. ಯಾರು, ಯಾವ ಜಾತಿ, ಯಾವ ಒಲೆ, ಒಂದೂ ಕಾಣಲಿಲ್ಲ. ಗಂಜಿ ಬಿಸಿಯಾಗಿತ್ತು. ಉಪ್ಪು ಸ್ವಲ್ಪ ಕಡಿಮೆ. ಕಟ್ಟು ಬಿಚ್ಚುವ ದಿನ ಅವಳ ಮುಖ ನೋಡೋಣ ಅಂದರೆ ಬೇರೆ ವಾರ್ಡಿಗೆ ಹಾಕಿದ್ದರು. ಮನೆಗೆ ಬಂದ ಮೇಲೆ ನಿನ್ನ ಕಾಗದ ಓದಿಸಿ ಲೆಕ್ಕ ಕೂಡಿದಾಗ, ಮೊದಲಿನ ಹಾಗೆ ಊಟ ಸೇರದೆ ಹೋಗುತ್ತದೇನೋ ಅಂತ ಕಾದೆ. ಸೇರಿತು.

ಆದರೆ ಷರತ್ತು ಹಾಕಿದವಳು ನಾನು. ಅದನ್ನು ನಾನೇ ಮುರಿದು ‘ಪರವಾಗಿಲ್ಲ ಕಣೋ, ಆ ಒಲೆ ಹಚ್ಚು’ ಅನ್ನಲು ನಾಲಗೆ ಏಳಲಿಲ್ಲ. ನೀನೇ ಬಾಯಿ ಬಿಡಲಿ ಅಂತ ಗ್ಯಾಸ್ ಒಲೆ ಕೆಟ್ಟಿದೆಯೇನೋ ಅಂದೆ. ನೀನು ಹಳೇ ಪದ್ಧತಿ ಅಂದೆ. ಸರಿ, ಇವನಿಗಿಂತ ನನಗೇನು ಜಂಬ ಕಡಿಮೆಯೇ ಅಂತ ಹೊಗೆಯಲ್ಲಿ ಕೂತೆ. ಆ ಕಣ್ಣು ಹೋದದ್ದರಲ್ಲಿ ನಿನ್ನದೊಂದು ಪಾಲಿದ್ದರೆ ನನ್ನದೂ ಒಂದಿದೆ. ಎಲ್ಲವನ್ನೂ ನಿನ್ನ ಹೆಸರಿಗೇ ಬರೆದುಕೊಳ್ಳಬೇಡ, ಅದೂ ಒಂದು ದುರಾಸೆಯೇ.

ಪೈಪು ಒಡೆಸಬೇಡ. ಒಡೆಸಿದರೆ ಆ ಹೊಲಸು ಕೆರೆಗೆ ಹೋಗುತ್ತದೆ, ಮುನಿಲಕ್ಷ್ಮಿ ಸೌದೆ ಒಲೆಗೆ ಹೋಗುತ್ತಾಳೆ, ಇನ್ನು ಸ್ವಲ್ಪ ವರ್ಷಕ್ಕೆ ಅವಳೂ ನಮ್ಮಮ್ಮನ ಹಾಗೆ ಹೆಜ್ಜೆ ಸಪ್ಪಳ ಕೇಳುತ್ತ ಕೂರುತ್ತಾಳೆ. ಭಾವನವರು ಬರುವ ವರ್ಷ ರಿಟೈರಾಗುತ್ತಾರೆ. ಡ್ರಮ್ಮಿಗೆ ಬಣ್ಣ ಬಳಿಸಿದ್ದಾನೋ ಇಲ್ಲವೋ ಕೇಳು ಅಂತಿದ್ದಾರೆ. ಬಳಿಸಿಲ್ಲ ಅಂತ ನನಗೆ ಗೊತ್ತು.

ಈ ವರ್ಷ ಆರತಿಗೆ ಬರುತ್ತೇನೆ. ಅಂಗಳದಲ್ಲಿ ಕಲ್ಲು ಜೋಡಿಸಬೇಡ. ಸ್ನಾನ ಮಾಡಿ, ಒಲೆ ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಆ ಮುಖವಿಲ್ಲದ ಬೆಂಕಿಯ ಮೇಲೆಯೇ ಅಕ್ಕಿ ಹುರಿಯುತ್ತೇನೆ. ಮೊದಲ ಸಲ ಊದಲು ಹೋದೆ ಅಂತ ನಕ್ಕಿರಿ. ಈ ಸಲ ಒಂದೇ ಕಣ್ಣು ಇರುವುದರಿಂದ ಬಹಳ ಹತ್ತಿರ ಹೋಗಿ ನೋಡಬೇಕಾಗುತ್ತದೆ, ಆಗ ನಗಬೇಡಿ.

ಉರಿ ಎಲ್ಲಿಂದ ಬಂತು ಅನ್ನುವುದನ್ನು ದೀಪ ಹಚ್ಚುವ ಮುಂಚೆ ಪಟಾಲಮ್ಮನಿಗೆ ನಾನು ಹೇಳುತ್ತೇನೆ. ಅವಳು ಕೇಳಿಸಿಕೊಳ್ಳುತ್ತಾಳೆ, ನನಗೆ ಆ ಧೈರ್ಯವಿದೆ.

ಮುನಿಲಕ್ಷ್ಮಿಗೆ ನೀನು ಹೇಳು.

ಅಂಜನಮ್ಮ